ಬಟ್ಟಲು ಮುಳುಗುವಷ್ಟು ಹೊತ್ತು

ಜೆ.ಪಿ. ನಗರದಾಚೆ ಬಸ್ಸು ತಿರುಗಿಸಿಕೊಳ್ಳುತ್ತಿದ್ದ ಜಾಗವನ್ನು ಎಲ್ಲರೂ ಲಾಸ್ಟ್ ಸ್ಟಾಪ್ ಎಂದರೆ ಹನುಮಯ್ಯ ಮಾತ್ರ ಕೋಡಿ ಎನ್ನುತ್ತಿದ್ದರು. ಹೊಂಗೆಕಟ್ಟೆಯ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುತ್ತಿದ್ದುದು ಅಲ್ಲಿಂದ. ಅವರ ಬಾಯಲ್ಲಿ ಎರಡನೇ ಕ್ರಾಸು ಕೆಸರುಗದ್ದೆಯಾಗಿತ್ತು, ಪಾರ್ಕು ಹುಣಸೇತೋಪಾಗಿತ್ತು. ದಾರಿ ಕೇಳಿದ ಹೊಸ ಪೋಸ್ಟ್‌ಮನ್‌ಗೆ ಒಮ್ಮೆ “ಅರಳೀಗದ್ದೆ ದಾಟಿ ಮೂಡಗಡೆ ತಿರುಗಪ್ಪಾ” ಎಂದು ಹೇಳಿ, ಇಲ್ಲದ ಗದ್ದೆಯನ್ನು ಅರ್ಧ ಗಂಟೆ ಹುಡುಕಿಸಿದ್ದರು.

ಹನುಮಯ್ಯ ಹೊಂಗೆಕಟ್ಟೆ ಹಳ್ಳಿಯ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಾಯಿಸುವುದು ಅವರ ಮನೆತನದ ಕೆಲಸ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವರಿಗೆ ಬಂದದ್ದು ಒಂದು ತಾಮ್ರದ ಬಟ್ಟಲು. ಅದರ ತಳದಲ್ಲಿ ಸೂಜಿಯ ಮೊನೆಯಷ್ಟು ತೂತು. ನೀರು ತುಂಬಿದ ಗಡಿಗೆಯಲ್ಲಿ ಅದನ್ನು ತೇಲಿಬಿಟ್ಟರೆ ನಿಧಾನವಾಗಿ ತುಂಬಿಕೊಂಡು ಒಂದು ಗಳಿಗೆಗೆ, ಎಂದರೆ ಇಪ್ಪತ್ನಾಲ್ಕು ನಿಮಿಷಕ್ಕೆ, ಸರಿಯಾಗಿ ಮುಳುಗುತ್ತಿತ್ತು. ಆ ಹೊತ್ತಿಗೆ ಒಂದು ಗದ್ದೆಯ ಸರದಿ ಮುಗಿದಂತೆ. ಕಾಲುವೆಯ ತುದಿಯಲ್ಲಿರುವ ಗದ್ದೆಗೆ ಮೊದಲ ನೀರು, ತೂಬಿನ ಪಕ್ಕದ ಗದ್ದೆಗೆ ಆಮೇಲೆ, ನೀರುಗಂಟಿಯ ಗದ್ದೆಗೆ ಎಲ್ಲರದೂ ಆದ ಮೇಲೆ. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವರಿಗೆ ಒಂದು ಮೊರ ಭತ್ತ ಸಿಗುತ್ತಿತ್ತು.

ಎಪ್ಪತ್ತಾರರಲ್ಲಿ ಗದ್ದೆಗಳು ಸೈಟುಗಳಾದವು. ಕೆರೆಗೆ ಲಾರಿಗಟ್ಟಲೆ ಮಣ್ಣು ಬಿತ್ತು. ಹೊಸ ಮನೆಗಳ ನಡುವೆ ಇಪ್ಪತ್ತೆಂಟು ಹೆಂಚಿನ ಮನೆಗಳ ಹಳ್ಳಿ, ಹರಿದ ಅಂಗಿಗೆ ಉಳಿದ ಜೇಬಿನ ಹಾಗೆ, ಉಳಿಯಿತು. ಹನುಮಯ್ಯ ಬಡಾವಣೆಯ ಪಾರ್ಕಿನಲ್ಲಿ ಮಾಲಿಯಾದರು. ಆದರೂ ಯುಗಾದಿಗೊಮ್ಮೆ ಬಟ್ಟಲನ್ನು ಹುಣಸೇಹಣ್ಣು ಹಚ್ಚಿ ತೊಳೆದು ಮತ್ತೆ ಗೂಡಿನಲ್ಲಿಡುವುದನ್ನು ಬಿಡಲಿಲ್ಲ.

“ಯಾವ ಕೆರೆಗೆ ಅಂತ ಬೆಳಗ್ತೀಯಾ ಇದನ್ನ?” ಎಂದು ಹೆಂಡತಿ ಅಣ್ಣಮ್ಮ ಕೇಳುತ್ತಿದ್ದಳು.

“ಮಣ್ಣು ಹಾಕಿದೋರು ತೆಗೆಯಕ್ಕಿಲ್ವಾ?” ಎನ್ನುತ್ತಿದ್ದರು ಅವರು.

ಎಂಬತ್ಮೂರರ ಬೇಸಿಗೆಯಲ್ಲಿ ಹಳ್ಳಿಯ ಬಾವಿ ಬತ್ತಿತು. ಉಳಿದದ್ದು ಒಂದೇ ಬೀದಿ ನಲ್ಲಿ. ದಿನ ಬಿಟ್ಟು ದಿನ, ಬೆಳಿಗ್ಗೆ ಐದೂವರೆಯಿಂದ ಏಳೂವರೆಯವರೆಗೆ ನೀರು. ಜಗಳ ನಾಲ್ಕಕ್ಕೇ ಶುರುವಾಗುತ್ತಿತ್ತು. ಒಂದು ದಿನ ಯಾರೋ ಎಸೆದ ಬಿಂದಿಗೆ ಪಕ್ಕದ ಹೊಸ ಮನೆಯ ಕಾಂಪೌಂಡಿನೊಳಗೆ ಬಿದ್ದು ಗುಲಾಬಿ ಕುಂಡ ಒಡೆಯಿತು. ಆ ಮನೆಯ ಸತ್ಯಭಾಮಾ ಕಂಪ್ಲೇಂಟು ಬರೆದರು. ಇಂಜಿನಿಯರ್ ಜಯಸಿಂಹ ಬಂದು ನೋಡಿ, “ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೂ ಹೀಗೇ ಇದ್ರೆ ನಲ್ಲಿ ಕಿತ್ತು ಮೇನ್ ರೋಡಿಗೆ ಹಾಕಿಸ್ತೀನಿ” ಎಂದು ಹೇಳಿಹೋದರು. ಮೇನ್ ರೋಡೆಂದರೆ ಮುಕ್ಕಾಲು ಮೈಲಿ.

ಅಂದು ಸಂಜೆ ಹೊಂಗೆಮರದ ಕೆಳಗೆ ಹಳ್ಳಿಯವರೆಲ್ಲ ಸೇರಿದರು. ಹನುಮಯ್ಯ ಎದ್ದು ನಿಂತರು. “ನೀರು ಬಿಡೋ ಕೆಲಸ ನಂದು. ನನಗೇ ಕೊಡಿ” ಎಂದರು.

ಬೊಮ್ಮನಹಳ್ಳಿಯ ಫ್ಯಾಕ್ಟರಿಗೆ ಹೋಗುತ್ತಿದ್ದ ಪಿಳ್ಳಣ್ಣನ ಮನೆ ನಲ್ಲಿಯ ಎದುರಿಗೇ ಇತ್ತು. “ಏನು ಗುರುವೇ, ನಲ್ಲಿಗೂ ತೂಬು ಇಕ್ತೀಯಾ?” ಎಂದು ಅವನು ನಕ್ಕ. ಉಳಿದವರೂ ನಕ್ಕರು. ಆದರೆ ಬೇರೆ ದಾರಿ ಯಾರಿಗೂ ಕಾಣದೆ ಒಪ್ಪಿದರು.

ಮೊದಲ ದಿನವೇ ಎಡವಟ್ಟಾಯಿತು. ಕಾಲುವೆಯ ಲೆಕ್ಕದಂತೆಯೇ ಹನುಮಯ್ಯ ನಲ್ಲಿಯಿಂದ ಅತಿ ದೂರದ ಮನೆಯ ಕೆಂಪಕ್ಕನನ್ನು ಮೊದಲು ಕರೆದರು. ಬಕೆಟ್ಟಿನಲ್ಲಿ ಬಟ್ಟಲು ತೇಲಿಬಿಟ್ಟರು. ಕೆಂಪಕ್ಕ ಇದ್ದ ಬಿಂದಿಗೆಗಳನ್ನೆಲ್ಲ ತುಂಬಿಸಿದಳು, ಸೊಸೆಯ ತವರಿನ ಹಂಡೆ ತುಂಬಿಸಿದಳು, ಕೊನೆಗೆ ಚೆಂಬನ್ನೂ ತುಂಬಿಸಿದಳು. ಬಟ್ಟಲು ಇನ್ನೂ ತೇಲುತ್ತಿತ್ತು. ಒಂದು ಎಕರೆ ಗದ್ದೆಯನ್ನು ನೆನೆಸುವ ಬಟ್ಟಲದು. ಐದು ಮನೆ ಮುಗಿಯುವಷ್ಟರಲ್ಲಿ ನಲ್ಲಿ ನಿಂತಿತು. ಇಪ್ಪತ್ತಮೂರು ಮನೆಯವರು ಖಾಲಿ ಬಿಂದಿಗೆ ಹಿಡಿದು ಹನುಮಯ್ಯನವರ ಸುತ್ತ ನಿಂತರು.

“ಗದ್ದೆ ಇಲ್ಲ ಕಣಯ್ಯಾ! ಗದ್ದೆ ಹೋಗಿ ಏಳು ವರ್ಷ ಆಯ್ತು!” ಎಂದು ಪಿಳ್ಳಣ್ಣ ಕೂಗಿದ.

ಹನುಮಯ್ಯ ಮನೆಗೆ ಬಂದು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದರು. ಆಮೇಲೆ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಜಯನಗರದ ಬಸ್ಸು ಹತ್ತಿದರು.

ಮಾರ್ಕೆಟ್ಟಿನ ಹಿಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದ. “ಮುಚ್ಚಬೇಕಾ ಯಜಮಾನ್ರೇ?”

“ದೊಡ್ಡದು ಮಾಡ್ಬೇಕು.”

“ತೂತು ಮುಚ್ಚಿಸೋಕೆ ಊರೆಲ್ಲಾ ಬರ್ತಾರೆ. ದೊಡ್ಡದು ಮಾಡಿಸೋಕೆ ಬಂದೋರು ನೀವೇ ಮೊದಲು.”

“ಮಾಡಪ್ಪ. ನಿಧಾನವಾಗಿ ಮಾಡು” ಎಂದು ಹನುಮಯ್ಯ ಮುಖ ಆಚೆ ತಿರುಗಿಸಿದರು.

ಅವನು ಸ್ವಲ್ಪ ಕೊರೆಯುವುದು, ಇವರು ಅಲ್ಲೇ ಬಾನಿಯಲ್ಲಿ ತೇಲಿಬಿಟ್ಟು ಅಂಗಡಿಯ ಗಡಿಯಾರ ನೋಡುವುದು. ಆರನೆಯ ಸಲಕ್ಕೆ ಬಟ್ಟಲು ನಾಲ್ಕು ನಿಮಿಷಕ್ಕೆ ಮುಳುಗಿತು. ಮೂರು ತಲೆಮಾರು ಕಾಪಾಡಿದ ಗಳಿಗೆ ಅಲ್ಲಿಗೆ ಮುಗಿಯಿತು. ಇನ್ನು ನಾಳೆಯೇ ಕೆರೆಯ ಮಣ್ಣು ತೆಗೆದರೂ ಈ ಬಟ್ಟಲು ಒಂದು ಗದ್ದೆಗೂ ಲೆಕ್ಕ ಹೇಳಲಾರದು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿಸಿದ್ದರು.

ಮುಂದಿನ ನೀರಿನ ದಿನ ಪಿಳ್ಳಣ್ಣ ಮುಂಗೈ ಚಾಚಿ ಅಡ್ಡ ನಿಂತ. “ನನ್ನ ಹತ್ರ ವಾಚೇ ಐತೆ. ನಿಂದ್ಯಾಕೆ ಬಟ್ಟಲು?”

“ನಿನ್ನ ವಾಚು ನಿನ್ನ ಕೈಲಿರ್ತದೆ. ಇದು ಎಲ್ಲರ ಕಣ್ಣ ಮುಂದೆ ಇರ್ತದೆ.”

ಪಿಳ್ಳಣ್ಣ ಕೈ ಇಳಿಸಿದ. ಅಂದು ಇಪ್ಪತ್ತೆಂಟು ಮನೆಗೂ ನೀರು ಸಿಕ್ಕಿತು. ಮೊದಮೊದಲು ನೀರು ಜೋರಾಗಿ ಬಂದು ಬರಬರುತ್ತ ಸಣ್ಣಗಾಗುತ್ತಿದ್ದುದರಿಂದ ಕೆಂಪಕ್ಕನಿಗೆ ನಾಲ್ಕು ಬಿಂದಿಗೆಯಾದರೆ ಪಿಳ್ಳಣ್ಣನ ಮನೆಗೆ ಎರಡೂವರೆ. ಆದರೆ ಕೆಂಪಕ್ಕ ಹೊರಬೇಕಾದ ದೂರ ನೆನೆದು ಅವನೂ ಬಾಯಿ ಬಿಡಲಿಲ್ಲ. ಹೆಂಗಸರು ಬಟ್ಟಲಿನ ಅಂಚನ್ನೇ ನೋಡುತ್ತ ನಿಲ್ಲುವರು. ಅದು ಗುಳಕ್ಕೆಂದು ಮುಳುಗಿದೊಡನೆ ತುಂಬದ ಬಿಂದಿಗೆಯನ್ನೂ ತಾವಾಗಿಯೇ ಎತ್ತುವರು. ಸಾಕು ಎಂದದ್ದಕ್ಕೆ ಬೈಯೋಣವೆಂದರೆ ಹಾಗೆಂದವರು ಯಾರೂ ಇರಲಿಲ್ಲ, ಬಟ್ಟಲೊಂದೇ ಇತ್ತು.

ತಿಂಗಳು ತುಂಬಿದ ದಿನ ಜಯಸಿಂಹ ಬಂದರು. ಜೊತೆಗೆ ಪೈಪು ಕೀಳಲು ಇಬ್ಬರು ಆಳುಗಳು. ಅವರ ಸ್ಕೂಟರಿನ ಸದ್ದಿಗೂ ಸಾಲು ಕದಲಲಿಲ್ಲ. ಸತ್ಯಭಾಮಾ ತಮ್ಮ ಗೇಟಿನ ಬಳಿ ಬಂದು ನಿಂತರು. ಅಂದು ನೀರು ಎಂದಿಗಿಂತ ಬೇಗ ಸೋತಿತು. ಇಪ್ಪತ್ತೇಳನೆಯ ಮನೆಯ ಸರದಿ ಮುಗಿದು ಬಟ್ಟಲು ಮುಳುಗಿತು, ಅದರ ಬೆನ್ನಿಗೇ ನಲ್ಲಿ ಕೊರ್ ಎಂದು ಗಾಳಿ ಉಗುಳಿ ನಿಂತಿತು. ಎಲ್ಲರೂ ಹೋದ ಮೇಲೆ ಮೂರು ಖಾಲಿ ಬಿಂದಿಗೆಗಳ ಪಕ್ಕ ಅಣ್ಣಮ್ಮ ಒಬ್ಬಳೇ ಉಳಿದಳು.

“ಇದು ಯಾರ ಮನೇದು?” ಜಯಸಿಂಹ ಕೇಳಿದರು.

“ನಮ್ದೇ ಸಾರ್. ನೀರುಗಂಟಿ ಗದ್ದೆಗೆ ಕೊನೇ ನೀರು” ಎಂದರು ಹನುಮಯ್ಯ.

“ಗದ್ದೆ ಎಲ್ಲೈತೆ ಸ್ವಾಮಿ, ಇರೋದು ಒಂದು ಒಲೆ. ಇವತ್ತು ಅದಕ್ಕೂ ರಜ” ಎಂದಳು ಅಣ್ಣಮ್ಮ.

ಜಯಸಿಂಹ ಬಟ್ಟಲನ್ನು ಕೈಗೆತ್ತಿಕೊಂಡು ತಳದ ತೂತಿನ ಹೊಸ ಅಂಚನ್ನು ಬೆರಳಿನಿಂದ ಸವರಿದರು. ಆಳುಗಳ ಕಡೆ ತಿರುಗಿ, “ನಡೀರಪ್ಪ. ನಲ್ಲಿ ಇಲ್ಲೇ ಇರ್ಲಿ” ಎಂದು ಸ್ಕೂಟರು ಹತ್ತಿದರು.

ಆಗ ಕಾಂಪೌಂಡಿನ ಮೇಲಿಂದ ಒಂದು ರಬ್ಬರ್ ಪೈಪು ಇಳಿಯಿತು. “ಅಣ್ಣಮ್ಮಾ, ನಿಮ್ಮ ಬಿಂದಿಗೆ ಇಲ್ಲಿಡಿ. ನಮ್ಮ ತೊಟ್ಟಿ ತುಂಬಿದೆ” ಎಂದರು ಸತ್ಯಭಾಮಾ. ಮುಖ ಬೇರೆ ಕಡೆಗಿತ್ತು.

ಅಣ್ಣಮ್ಮ ಬಿಂದಿಗೆ ಇಟ್ಟಳು. ನೀರು ಬಿತ್ತು. ಹನುಮಯ್ಯ ಬಾಗಿ ಬಕೆಟ್ಟಿನಲ್ಲಿ ಬಟ್ಟಲು ತೇಲಿಬಿಟ್ಟರು.

“ಅಯ್ಯೋ ನಿನ್ನ! ಅವ್ರು ಕೊಡ್ತಾವ್ರೆ, ಇದಕ್ಕೂ ಲೆಕ್ಕಾನಾ?”

“ಇದೂ ಅರಳೀಗದ್ದೆ ನೀರೇ ಕಣೆ” ಎಂದರು ಅವರು. ಸತ್ಯಭಾಮಾ ಅವರ ಮನೆ ನಿಂತಿದ್ದುದು ಆ ಗದ್ದೆಯಲ್ಲೇ.

ಮೂರನೆಯ ಬಿಂದಿಗೆ ಕಂಠದವರೆಗೆ ಬರುವಾಗ ಬಟ್ಟಲು ಮುಳುಗಿತು. ಹನುಮಯ್ಯ ಪೈಪನ್ನು ಮಡಿಸಿ ಹಿಡಿದು, “ಸಾಕು ತಾಯೀ, ನಿಲ್ಸಿ” ಎಂದರು.