ಚಂಡೀಗಡದ ಬಳೆ ಬೊಂಬೆಗಳು

ಇವತ್ತು ಮಗ್ಗದ ಕೆಳಗೆ ಗುಡಿಸುವಾಗ ಒಡೆದ ಬಳೆಯ ಚೂರು ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಚಿಕ್ಕವಳಿದ್ದಾಗ ಅಪ್ಪ ಸೀರೆ ಮಾರಲು ಸೇಲಂನಿಂದ ಚಂಡೀಗಡಕ್ಕೆ ನನ್ನನ್ನೂ ಅಮ್ಮನನ್ನೂ ಕರೆದೊಯ್ದಿದ್ದ. ಅಲ್ಲಿ ಕಲ್ಲು, ಒಡಕು ಸಾಮಾನುಗಳಿಂದಲೇ ಮಾಡಿದ ತೋಟದಲ್ಲಿ ಮೈತುಂಬ ಒಡೆದ ಬಳೆ ಮೆತ್ತಿದ ಹೆಂಗಸರ ಬೊಂಬೆಗಳು ಸಾಲಾಗಿ ನಿಂತಿದ್ದವು. ತಾತ ಸತ್ತಾಗ ಅಜ್ಜಿಯ ಬಳೆ ಒಡೆದದ್ದನ್ನು ನೋಡಿದ್ದೆ. ಇವರೆಲ್ಲರ ಗಂಡಂದಿರೂ ಸತ್ತಿದ್ದಾರೆ ಅಂದುಕೊಂಡೆ. ತಿರುಗಿದರೆ ಅಪ್ಪ ಕಾಣಲಿಲ್ಲ.

ಅಮ್ಮನ ಬಳೆಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ.

"ಬಿಡು ಲೇ, ಒಡ್ದೋಯ್ತವೆ!" ಎಂದಳು ಅಮ್ಮ.

ಜೋರಾಗಿ ಅತ್ತೆ. ಅಪ್ಪ ಟೀ ಹಿಡಿದು ಓಡಿಬಂದ.

"ಯಾಕಮ್ಮಿ ಅಳ್ತೀಯ? ಇಲ್ಲೇ ಇವ್ನಿ."

ಶಾಲೆ ಬಿಟ್ಟು ಸೀರೆ ಮಾರುತ್ತ ಊರೂರು ಅಲೆಯುವ ನನಗೆ ಭಯವೇ ಇಲ್ಲ ಅನ್ನುತ್ತಾರೆ. ಸುಳ್ಳು. ಇವತ್ತೂ "ಅಪ್ಪಾ!" ಎಂದು ಕೂಗಿದೆ. ಹಿತ್ತಲಿನಿಂದ "ಇಲ್ಲೇ ಇವ್ನಿ ಲೇ" ಅಂದ ಮೇಲೆಯೇ ಚೂರನ್ನು ಎಸೆದೆ.