ಮುಟ್ಟದೆ ಕೊಯ್ಯುವ ಕೈ

ಇನ್ನೂ ನಸುಗತ್ತಲು. ಚಿಕ್ಕಬಳ್ಳಾಪುರದ ಹೊರಗಿನ ತೋಟವೊಂದರ ದ್ರಾಕ್ಷಿ ಚಪ್ಪರದಡಿ ಆಂಜಿನಮ್ಮ ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ಎಡಗೈಯ ಎರಡು ಬೆರಳು ಗೊಂಚಲಿನ ತೊಟ್ಟು ಹಿಡಿಯುತ್ತವೆ, ಬಲಗೈಯ ಕತ್ತರಿ ಕಚಕ್ಕೆನ್ನುತ್ತದೆ. ಹಣ್ಣಿಗೆ ಮಾತ್ರ ಕೈ ಸೋಕುವಂತಿಲ್ಲ. ಸೋಕಿದರೆ ಕೂಲಿಗೇ ಕುತ್ತು.

ಕಪ್ಪು ದ್ರಾಕ್ಷಿಯ ಮೇಲೆ ಬಿಳಿ ಪುಡಿ ಇರುತ್ತದಲ್ಲ, ಅದನ್ನು ಔಷಧಿಯೆಂದುಕೊಂಡು ಮೂಗು ಮುರಿಯುವವರೇ ಹೆಚ್ಚು. ಔಷಧಿಯ ಕಲೆಯೂ ಒಮ್ಮೊಮ್ಮೆ ಇದ್ದೀತು, ತೊಳೆದೇ ತಿನ್ನಬೇಕು, ನಿಜ. ಆದರೆ ಹಣ್ಣಿಗೆಲ್ಲ ಸಮನಾಗಿ ಹರಡಿದ ಆ ಪುಡಿ ದ್ರಾಕ್ಷಿಯ ಸ್ವಂತ ಮೇಣ. ಒಳಗಿನ ನೀರು ಆರದಂತೆ ಅದು ಕಾಯುತ್ತದೆ. ಕೊಯ್ದ ಹಣ್ಣಿನಿಂದ ಒಮ್ಮೆ ಅಳಿಸಿತೋ, ಮತ್ತೆ ಮೂಡುವುದಿಲ್ಲ. ಮಿರಮಿರ ಮಿಂಚುವ ಗೊಂಚಲು ಕಂಡರೆ ಮಂಡಿಯವರು ಹಳೇ ಮಾಲೆಂದು ಬದಿಗೆ ಸರಿಸುತ್ತಾರೆ.

"ಮದ್ವೆಯಾಗಿ ಮಂಚೇನಹಳ್ಳಿಗೆ ಬಂದಾಗಿಂದ ಇದೇ ಕೆಲ್ಸ. ಈಗ ಮನೆಗೋದ್ರೆ ತಲೆ ಬಾಚ್ಕೊಳಕ್ಕೂ ಕೈ ಏಳಲ್ಲ. ಸೊಸೇನೇ ಜಡೆ ಹಾಕ್ತಾಳೆ," ಎನ್ನುತ್ತಾರೆ ಆಂಜಿನಮ್ಮ. ಭುಜಕ್ಕೆ ಎಣ್ಣೆ ತಿಕ್ಕೋಣವೆಂದರೆ ಕೊಯ್ಲಿನ ಕಾಲದಲ್ಲಿ ಅದೂ ಆಗದು. ಅಂಗೈಯ ಜಿಡ್ಡು ಹೇಗೋ ಹಣ್ಣಿಗೆ ಮೆತ್ತಿಬಿಟ್ಟರೆ? ಆ ಭಯಕ್ಕೆ ನೋವನ್ನು ಹಾಗೆಯೇ ಕೂಲಿಯವರ ಟೆಂಪೊದಲ್ಲಿ ಊರಿಂದ ಹೊತ್ತು ತರುತ್ತಾರೆ, ಹೊತ್ತು ಒಯ್ಯುತ್ತಾರೆ.

ಬಿಸಿಲೇರುವ ಹೊತ್ತಿಗೆ ಭುಜ ಛಳಕ್ಕೆನ್ನುತ್ತದೆ. ಗೊಂಚಲೊಂದು ಜಾರಿ ಮುಂಗೈಗೆ ಒರಗುತ್ತದೆ. ಪುಡಿಯ ಮೇಲೆ ಉದ್ದಕ್ಕೂ ಕಪ್ಪು ಗೆರೆ.

ಕ್ರೇಟು ನೋಡುವ ಮೇಸ್ತ್ರಿ ಕೋನಪ್ಪನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಆತ ಗದರುವ ಮನುಷ್ಯನಲ್ಲ. ಗೊಂಚಲನ್ನು ತೆಗೆದು ಪಕ್ಕಕ್ಕಿಡುತ್ತಾನೆ.

"ಅಕ್ಕ, ಈ ವಾರ್ದಲ್ಲೇ ಇಂಥವು ಎಷ್ಟಾಯ್ತು ಹೇಳು. ಸಾವ್ಕಾರ್ರು ನನ್ನನ್ನ ಕೇಳ್ತಾರೆ. ನಾಳೆಯಿಂದ ಕೆಳಗೆ ಕೂತ್ಕೊಂಡು ಉದುರು ಹಣ್ಣು ಆರಿಸ್ಕೊಳಮ್ಮ."

ಉದುರು ಹಣ್ಣಿಗೆ ಅರ್ಧ ಕೂಲಿ. ಆಂಜಿನಮ್ಮನಿಗೆ ವಾದಿಸುವಷ್ಟು ಕಸುವು ಉಳಿದಿಲ್ಲ.

"ಆಯ್ತು ಬಿಡಪ್ಪ. ಈ ಸಾಲು ಮುಗಿಸ್ತೀನಿ."

ಮುಗಿಸುತ್ತಾರೆ. ಮಧ್ಯೆ ಮಧ್ಯೆ ಕೈ ಇಳಿಸಿ, ಹಲ್ಲು ಕಚ್ಚಿ, ಮತ್ತೆ ಎತ್ತುತ್ತಾರೆ. ಕೊನೆಯ ಕ್ರೇಟನ್ನು ಕೋನಪ್ಪ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಾನೆ. ಒಂದು ಹಣ್ಣಿನ ಮೇಲೂ ಬೆರಳಿನ ಗುರುತಿಲ್ಲ.

ಆಂಜಿನಮ್ಮ ಕತ್ತರಿಯನ್ನು ಅವನ ಕೈಗೆ ಕೊಡುತ್ತಾರೆ. ಪಕ್ಕಕ್ಕಿಟ್ಟಿದ್ದ ಗೆರೆ ಬಿದ್ದ ಗೊಂಚಲನ್ನು ಬೊಗಸೆಗೆ ಎತ್ತಿಕೊಳ್ಳುತ್ತಾರೆ, ಬೆರಳುಗಳನ್ನು ಹಣ್ಣಿನ ಸುತ್ತ ಒತ್ತಿ ಹಿಡಿಯುತ್ತಾರೆ.

"ಇಷ್ಟು ವರ್ಷ ಕೊಯ್ದೆ, ಹಿಂಗೆ ಕೈತುಂಬ ಹಿಡ್ಕೊಂಡೇ ಇರ್ಲಿಲ್ಲ ಕಣಪ್ಪ," ಎನ್ನುತ್ತಾರೆ. "ಎಷ್ಟು ತಣ್ಣಗೈತೆ ನೋಡು."