ಹಿಂದೆ ನಿಲ್ಲುವ ಅಂಬಾಬಾಯಿ

೧೯೯೮ರ ಆಷಾಢ, ಬೆಳಗಿನ ಆರೂವರೆ. ಹೊರಗೆ ಜಿಟಿಜಿಟಿ ಮಳೆ. ಪುಣೆಯ ಒಂದು ಧರ್ಮಾಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಆಯಾ ಅಂಬಾಬಾಯಿ ನೆಲ ಒರೆಸುತ್ತಿದ್ದಾರೆ. ಒದ್ದೆ ಅರಿವೆಯಿಂದ ಒಮ್ಮೆ, ಒಣ ಅರಿವೆಯಿಂದ ಇನ್ನೊಮ್ಮೆ. ಆಮೇಲೆ ತಾವೇ ಬರಿಗಾಲಲ್ಲಿ ಅಡ್ಡಾಡಿ ನೋಡುತ್ತಾರೆ. ಎಲ್ಲಿಯೂ ಜಾರಬಾರದು. ಇಲ್ಲಿಗೆ ಬರುವವರು ಮೈಭಾರದ ಹೆಂಗಸರು, ನಿಂತಲ್ಲೇ ಬಿದ್ದೇವೆಂದು ಹೆದರಿದವರು. ಮೊಣಕಾಲು ಒತ್ತಿಕೊಳ್ಳುತ್ತ ಆ ಬೆಂಚಿನಲ್ಲಿ ಕೂತವಳು ನಾನೂ ಒಬ್ಬಳು, ಕಂಡದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಕಡೆಯವರೇ ಆದ ಡಾಕ್ಟರ್ ನೀತಾ ಒಬ್ಬೊಬ್ಬರನ್ನೇ ಕಾಲು ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸುತ್ತಾರೆ. "ಹೊಟ್ಟಿ ಭಾರ ಮುಂದಕ್ಕ ಎಳೀತದ್ರಿ, ಅದಕ್ಕ ನೀವು ಬೆನ್ನು ಹಿಂದಕ್ಕ ತರ್ತೀರಿ. ಕಣ್ಣು ಮುಚ್ಚಿದ್ರ ತೂಗಾಟ ಇನ್ನೂ ಹೆಚ್ಚು," ಎನ್ನುತ್ತಾರೆ. ಅಂಬಾಬಾಯಿ ಬೆನ್ನ ಹಿಂದೆ ಎರಡೂ ಕೈ ಚಾಚಿ ನಿಲ್ಲುತ್ತಾರೆ. ಮುಟ್ಟುವುದಿಲ್ಲ, ಬಿದ್ದರೆ ಹಿಡಿಯುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಜನ.

ಪಂಕಜಾಕ್ಷಿ ಪುಣೆಯಲ್ಲೇ ನೆಲೆಸಿದ ಬಾಗಲಕೋಟೆ ಕಡೆಯ ವ್ಯಾಪಾರಸ್ಥರ ಮನೆಯವರು. ಅಡಿಗೆಮನೆಯಲ್ಲಿ ಒಮ್ಮೆ ಬಿದ್ದಮೇಲೆ ಗೋಡೆ ಬಿಟ್ಟು ನಿಂತವರಲ್ಲ. ಮೊದಲ ದಿನ ಕಣ್ಣು ಮುಚ್ಚಿದ್ದೇ ತೂಗಾಡಿದರು, ಸೆರಗು ಜಾರಿತು. ಎದುರಿಗೆ ಕಬ್ಬಿಣದ ಸರಳಿದ್ದರೂ ಎರಡು ಕೈಯೂ ಸೆರಗಿಗೇ ಹೋದವು. ಹಿಂದಕ್ಕೆ ವಾಲಿದವರನ್ನು ಅಂಬಾಬಾಯಿ ತಬ್ಬಿಕೊಂಡರು, ಇಬ್ಬರೂ ಮೆಲ್ಲಗೆ ನೆಲಕ್ಕೆ ಕೂತರು.

"ನೆಲಾ ಗಟ್ಟಿ ಅದ ಬಿಡ್ರಿ ಅಕ್ಕಾರ, ಇಬ್ರನ್ನೂ ತಡಕೊಂತು!" ಎಂದರು ಅಂಬಾಬಾಯಿ. ಬೆಂಚಿಗೆ ಬೆಂಚೇ ನಕ್ಕಿತು. ಅಂದಿನಿಂದ ಯಾರು ಬಂದರೂ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿದು ಸಿಗಿಸಿಯೇ ನಿಲ್ಲಿಸುತ್ತಾರೆ.

ಅಂಬಾಬಾಯಿ ಅಫಜಲಪುರ ಕಡೆಯವರು. ಗಂಡ ಧರ್ಮಣ್ಣ ಗೋಡೆ ಕಟ್ಟುವ ಗೌಂಡಿ, ಈಗ ಪುಣೆಯಂಚಿನ ವಾಕಡದಲ್ಲಿ ಕೆಲಸ. "ತಲಿ ಮ್ಯಾಲೆ ಸಿಮೆಂಟಿನ ಬುಟ್ಟಿ ಹೊತ್ತು ಹಲಗಿ ಮ್ಯಾಲೆ ಓಡ್ಯಾಡ್ತಿದ್ದೆ ರೀ," ಎನ್ನುತ್ತಾರೆ ಅಂಬಾಬಾಯಿ. "ಎರಡನೇದು ಹಡದಮ್ಯಾಲೆ ಮೈ ಬಂತು. ಒಂದಿನಾ ಹಲಗಿ ಮ್ಯಾಲೆ ಜೋಲಿ ತಪ್ಪಿತು. ಕೆಲಸಾ ಮಾಡಿಸೋ ಮುಕಾದಮ ಕೆಳಗಿಳಿ ಅಂದ. ಇಳದೆ, ಭಾಳ ಅತ್ತೆ. ಆಮ್ಯಾಲೆ ಇಲ್ಲಿ ಕಸಬರಿಗಿ ಹಿಡದೆ."

ಹೆಂಡತಿಯನ್ನು ಕರೆದೊಯ್ಯಲು ಬರುವ ಧರ್ಮಣ್ಣನ ದೂರು ಬೇರೆ. "ಊರ ಮಂದೀನೆಲ್ಲಾ ಹಿಡೀತಾಳ್ರಿ ನಮ್ಮಾಕಿ. ನಾ ಸೈಕಲ್ ಮ್ಯಾಲಿಂದ ಬಿದ್ದಾಗ ನಕ್ಕೋತ ನಿಂತಿದ್ಲು!"

ಒಂದು ಬೆಳಿಗ್ಗೆ ಪಂಕಜಾಕ್ಷಿ ಅಳುತ್ತ ಬಂದರು. ಮಗಳು ಮಾಧುರಿಗೆ ಹೆಣ್ಣು ಕೂಸು, ಶ್ರಾವಣದಲ್ಲಿ ಹೆಸರಿಡುವುದು. ತೊಟ್ಟಿಲ ಎರಡೂ ಬದಿಗೆ ಹೆಂಗಸರು ನಿಂತು, ಗೋವಿಂದನ್ನ ತೊಗೋರಿ, ಗೋಪಾಳನ್ನ ತೊಗೋರಿ ಎನ್ನುತ್ತ ಕೂಸನ್ನು ತೊಟ್ಟಿಲ ಕೆಳಗಿಂದ ಕೊಟ್ಟು ಮೇಲಿಂದ ಈಸಿಕೊಳ್ಳುವ ಪದ್ಧತಿ. "ಅವ್ವಾ, ನೀ ಖುರ್ಚಿ ಮ್ಯಾಲೆ ಕೂತು ನೋಡು, ಕೂಸು ಕೈಜಾರಿದ್ರ?" ಎಂದಿದ್ದಳಂತೆ ಮಗಳು.

"ಮೊದಲನೇ ಮಮ್ಮಗಳು ರೀ. ನಾ ಖುರ್ಚಿ ಮ್ಯಾಲೆ ಕೂಡಬೇಕಾ?"

ತೂಕ ಇಳಿಯಲು ತಿಂಗಳುಗಟ್ಟಲೆ ಬೇಕು, ಆದರೆ ಕಾಲಿಗೆ ಈಗಲೇ ಕಲಿಸಬಹುದು ಎಂದರು ನೀತಾ. ಪಾದ ಅಗಲಿಸಿ, ಒಂದನ್ನು ತುಸು ಮುಂದಿಟ್ಟು, ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಬೇಕು. ಅಂಬಾಬಾಯಿ ಮನೆಯಿಂದ ಜೋಳ ತಂದು ಅರಿವೆಯಲ್ಲಿ ಕಟ್ಟಿ ಕೂಸು ಮಾಡಿದರು. ಬೆಂಚೇ ತೊಟ್ಟಿಲು. ನೀತಾ ಆಚೆ, ಪಂಕಜಾಕ್ಷಿ ಈಚೆ, ಅಂಬಾಬಾಯಿ ಎಂದಿನಂತೆ ಬೆನ್ನ ಹಿಂದೆ. ಒಂದು ದಿನ ಗಂಟು ಬಿಚ್ಚಿ ಜೋಳ ಕೋಣೆ ತುಂಬ ಹರಡಿತು.

"ಅಯ್ಯ, ಕೂಸಿಗೆ ಪೆಟ್ಟಾತೇನ?" ಎಂದಳು ಬೆಂಚಿನ ಮೇಲಿದ್ದ ಯಂಕವ್ವ. ಎಲ್ಲರೂ ನಗುತ್ತಲೇ ಆರಿಸಿದೆವು. ದಿನ ಕಳೆದಂತೆ ತೂಗಾಟ ಕಡಿಮೆಯಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ.

ಹೆಸರಿಡುವ ದಿನ ನಮ್ಮೆಲ್ಲರಿಗೂ ಆಮಂತ್ರಣ. ಖುರ್ಚಿ ತಂದಿಟ್ಟಿದ್ದಾರೆ, ಪಂಕಜಾಕ್ಷಿ ಅದರತ್ತ ನೋಡುವುದಿಲ್ಲ. ಹೇಳದೆ ಕೇಳದೆ ಅಂಬಾಬಾಯಿ ಹಿಂದೆ ಹೋಗಿ ನಿಲ್ಲುತ್ತಾರೆ. ತೊಟ್ಟಿಲ ಕೆಳಗಿಂದ ಕೂಸು ಬರುತ್ತದೆ. ಅಜ್ಜಿ ಮೊಣಕಾಲು ಮಡಿಸುತ್ತಾರೆ, ಒಮ್ಮೆ ತುಸು ವಾಲುತ್ತಾರೆ. ಮಾಧುರಿ ಖುರ್ಚಿಗೆ ಕೈ ಹಾಕುತ್ತಾಳೆ. ಅಂಬಾಬಾಯಿಯ ಎರಡೂ ಕೈಗಳು ಮೇಲೇಳುತ್ತವೆ. ಅಷ್ಟರಲ್ಲಿ ಪಂಕಜಾಕ್ಷಿ ಹಿಮ್ಮಡಿ ಊರಿ, ಕೂಸನ್ನು ಎದೆಗವಚಿ ನೆಟ್ಟಗೆ ನಿಂತೇಬಿಡುತ್ತಾರೆ.

ಮುಂದಿನ ಸರದಿ ಎದುರಿಗಿದ್ದ ಬೀಗಿತಿಯದು. ಪಂಕಜಾಕ್ಷಿ ತಡೆಯುತ್ತಾರೆ. "ಅಂಬಾಬಾಯಿ, ಹಿಂದ ನಿಂತದ್ದು ಸಾಕು. ಎದುರಿಗೆ ಬಾ. ಕೂಸು ತೊಗೋ."

ಅಂಬಾಬಾಯಿ ಕೈಯನ್ನು ಎರಡು ಸಲ ಸೀರೆಗೆ ಒರೆಸಿಕೊಂಡು ಬರುತ್ತಾರೆ. ಬೀಗಿತಿ ನಕ್ಕು ಸರಿದು ಜಾಗ ಕೊಡುತ್ತಾರೆ.

ಶ್ರಾವಣದ ಕೊನೆಯ ಗುರುವಾರ ಪಂಕಜಾಕ್ಷಿ ಆಸ್ಪತ್ರೆಗೆ ಶೇಂಗಾ ಉಂಡಿ ತಂದರು. "ತೂಕದ ಮಂದಿಗೆ ಉಂಡಿ ತಂದೀರೇನ್ರಿ?" ಎಂದು ನೀತಾ ಗದರಿ, ತಾವೊಂದು ತಿಂದರು. ಹಂಚಿ ಮುಗಿಸಿ ಪಂಕಜಾಕ್ಷಿ ಕಟಾಂಜನ ಹಿಡಿಯದೆ ಮೆಟ್ಟಿಲಿಳಿದು ಹೋದರು. ಆ ಗುರುವಾರದ ನಂತರ ಅವರು ಬಂದಿಲ್ಲ.

ಅವರ ನೆನಪಾಗುವುದಿಲ್ಲವೇ ಎಂದು ಅಂಬಾಬಾಯಿಯನ್ನು ಕೇಳುತ್ತೇನೆ.

"ಆಗತದ್ರಿ. ಬರಲಿಲ್ಲ ಅಂದ್ರ ಛಲೋ ನಿಂತಾರ ಅಂತ ತಿಳಕೊಂತೀನಿ."